ಮೊದಲ ರಿಪೋರ್ಟ್ ನಾರ್ಮಲ್ಲೇ ಇತ್ತು
ಟ್ರೋಪೋನಿನ್ (ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನ್) ರಕ್ತಪರೀಕ್ಷೆ ನಾರ್ಮಲ್ ಬಂದರೆ ಹಾರ್ಟ್ ಅಟ್ಯಾಕ್ ಅಲ್ಲ ಅಂತ ಬರೆದಿದ್ದೀರಿ. ರಕ್ತ ಯಾವಾಗ ತೆಗೆದರು ಅನ್ನೋದೂ ಮುಖ್ಯ, ಅಲ್ವಾ?

ಗದಗಿನಲ್ಲಿ ನಮ್ಮ ಕಾಕಾ ಸಂಜೆ ಗಿರ್ಮಿಟ್, ಮಿರ್ಚಿ ತಿಂದು ಬಂದವರು, ಎದೆ ಹಿಡಿದಾಗ ಗ್ಯಾಸ್ ಅಂತ ಸೋಡಾ ಕುಡಿದು ಕೂತಿದ್ದರು. ಅಂಗಿ ಬೆವರಿನಿಂದ ಪೂರ್ತಿ ತೊಯ್ದಿತ್ತು. ತಾಸಿನೊಳಗೇ ಆಸ್ಪತ್ರೆಗೆ ಒಯ್ದೆವು. ಇಸಿಜಿ ಸರಿ, ಟ್ರೋಪೋನಿನ್ನೂ ಸರಿ. "ಸುಮ್ನೆ ಹೆದರಿಸಿದ್ರಿ, ನಡೀರಿ ಮನಿಗೆ" ಅಂತ ಕಾಕಾ ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು. ಡ್ಯೂಟಿ ಡಾಕ್ಟರ್ ಬಿಡಲಿಲ್ಲ, ಪುಣ್ಯ. 3 ತಾಸು ಬಿಟ್ಟು ಮತ್ತೆ ರಕ್ತ ತೆಗೆದರು. ಆಗ ಜಾಸ್ತಿ ಬಂತು.

ಹೃದಯದ ಸ್ನಾಯುವಿಗೆ ಪೆಟ್ಟಾದ ಮೇಲೆ ಈ ಪ್ರೋಟೀನ್ ರಕ್ತದಲ್ಲಿ ಏರಲು ಹೊತ್ತು ಬೇಕು. ಕಿಡ್ನಿ ತೊಂದರೆ ಇದ್ದವರಲ್ಲೂ ಜಾಸ್ತಿ ಇರಬಹುದು. ಅದಕ್ಕೇ ಎರಡು ಸಲ ತೆಗೆದು ಏರಿದೆಯಾ ಅಂತ ನೋಡುತ್ತಾರೆ. ಇಸಿಜಿಯಲ್ಲೇ ಅಟ್ಯಾಕ್ ಸ್ಪಷ್ಟ ಕಂಡರೆ ಮಾತ್ರ ರಿಪೋರ್ಟಿಗೆ ಕಾಯುವುದಿಲ್ಲ.