ನೀರೇ ಬರದ ಗದ್ದೆಗೆ ಕ್ರೆಡಿಟ್ ಇಲ್ವಂತೆ

ಜೂನಿಯರ್ಸ್ ಮೂರ್ನಾಲ್ಕು ಜನ ಇನ್‌ಬಾಕ್ಸಲ್ಲಿ ಕೇಳ್ತಾನೇ ಇದಾರೆ, ಅಣ್ಣಾ ಆ ಕ್ಲೈಮೇಟ್ ಕಂಪನಿ ಇಂಟರ್ನ್‌ಶಿಪ್ ಹೆಂಗಿತ್ತು, ಅಪ್ಲೈ ಮಾಡ್ಬಹುದಾ ಅಂತ. ಒಬ್ಬೊಬ್ರಿಗೂ ಬೇರೆ ಬೇರೆ ಬರೆಯೋಕೆ ಬೇಜಾರು, ಇಲ್ಲೇ ಬರೀತೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವ್ರು ಓದಿ.

ಸೇರಿದ್ದು 2024ರ ಆಗಸ್ಟ್ ಒಂದನೇ ತಾರೀಖು, ಎರಡು ತಿಂಗಳು. ಆಫೀಸು ಬೆಂಗಳೂರಲ್ಲಿ, ನಂಗೆ ಕೊಟ್ಟಿದ್ದು ಗಂಗಾವತಿ, ಕಾರಟಗಿ ಕಡೆ ಫೀಲ್ಡ್. ಇಂಟರ್‌ವ್ಯೂನಲ್ಲಿ ನಮ್ಮೂರು ಮಾನ್ವಿ ತಾಲೂಕು ಅಂದಿದ್ದೆ, ಅವ್ರಿಗೆ ಮ್ಯಾಪಲ್ಲಿ ಎಲ್ಲಾ ಪಕ್ಕಪಕ್ಕ ಕಾಣ್ಸಿರ್ಬೇಕು. ಕಂಪನಿ ಹೆಸರು ಕೇಳ್ಬೇಡಿ, ಹೇಳಲ್ಲ.

ಕಂಪನಿ ಮಾಡೋದು ಭತ್ತದ ಕಾರ್ಬನ್ ಕ್ರೆಡಿಟ್. ಗದ್ದೇಲಿ ನೀರು ನಿಂತೇ ಇದ್ರೆ ಮಣ್ಣಿಗೆ ಗಾಳಿ ಸಿಗಲ್ಲ, ಗಾಳಿ ಇಲ್ಲದ ಕೆಸರಲ್ಲಿ ಬದುಕೋ ಸೂಕ್ಷ್ಮಜೀವಿಗಳು ಹಳೇ ಬೆಳೆಯ ಕೂಳೆ ಹುಲ್ಲು ಕೊಳೆಸಿ ಮೀಥೇನ್ ಬಿಡ್ತವೆ, ಅದು ಹೆಚ್ಚಾಗಿ ಭತ್ತದ ಕಾಂಡದೊಳಗಿನ ಟೊಳ್ಳಿನಿಂದಲೇ ಮೇಲೆ ಬರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಮಾಡೋ ಗ್ಯಾಸ್ ಅದು. ನಡುನಡುವೆ ಗದ್ದೆ ಒಣಗಿಸಿದ್ರೆ ಮೀಥೇನ್ ಕಡಿಮೆ, ಕಡಿಮೆ ಆಗಿದ್ದನ್ನ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತಿರುಗಿಸಿ ಒಂದೊಂದು ಟನ್‌ಗೂ ಒಂದೊಂದು ಕ್ರೆಡಿಟ್, ಅದನ್ನ ಯಾವುದೋ ದೊಡ್ಡ ಕಂಪನಿ ಕೊಳ್ಳುತ್ತೆ, ರೈತರಿಗೆ ಪಾಲು ಬರುತ್ತೆ. ಅಂದ್ರೆ ಅಳತೆ ಆಗಿ, ಮೂರನೇಯವ್ರು ಬಂದು ತಪಾಸಣೆ ಮಾಡಿ, ಕ್ರೆಡಿಟ್ ಮಾರಾಟ ಆದ್ಮೇಲೆ ಬರುತ್ತೆ.

ನನ್ನ ಕೈಗೆ ಬಂದಿದ್ದು ಪೈಪು. ಒಂದಡಿ ಪಿವಿಸಿ ಪೈಪ್, ಕೆಳಗಿನ ಅರ್ಧಕ್ಕೆ ತೂತು. ಗದ್ದೇಲಿ ನೆಟ್ಟು ಒಳಗಿನ ಕೆಸರನ್ನ ಕೈ ಹಾಕಿ ತೆಗೀಬೇಕು. ಪೈಪೊಳಗೆ ನೀರು ನೆಲಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇಳಿಯೋ ತನಕ ಗದ್ದೆಗೆ ನೀರು ಬಿಡೋ ಹಾಗಿಲ್ಲ, ತೆನೆ ಬರೋ ಟೈಮಲ್ಲಿ ಮಾತ್ರ ನೀರು ನಿಂತಿರ್ಲೇಬೇಕು. ವಾರಕ್ಕೊಂದ್ಸಲ ಪೈಪಿನ ಫೋಟೋ, ಲೊಕೇಶನ್ ಸಮೇತ, ಆ್ಯಪಿಗೆ ಹಾಕ್ಬೇಕು. ಟ್ರೇನಿಂಗ್‌ನಲ್ಲಿ ಕೇಳಿದಾಗ ಇದಕ್ಕಿಂತ ಸುಲಭ ಏನಿದೆ ಅನ್ನಿಸ್ತು.

ಸೇರಿ ಹತ್ತು ದಿನ ಆಗಿತ್ತಷ್ಟೆ, ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಕೊಂಡು ಹೋಯ್ತು. ಡ್ಯಾಮ್ ತುಂಬಿ ನಿಂತಿತ್ತು, ಊರೂರಲ್ಲಿ ನಾಟಿ ನಡೀತಿತ್ತು. ಗೇಟ್ ಜಾಗಕ್ಕೆ ಸ್ಟಾಪ್‌ಲಾಗ್, ಅಂದ್ರೆ ತಾತ್ಕಾಲಿಕ ತಡೆ, ಕೂರ್ಸೋಕೆ ಒಂದು ವಾರ ಹಿಡೀತು, ಆ ವಾರ ಎಲ್ಲಿ ಹೋದ್ರೂ ಇದೇ ಮಾತು, ಇನ್ನ ಬೆಳೆಗೆ ನೀರು ಇಲ್ಲ, ಮುಗೀತು. ನಾವು ಅದೇ ವಾರ ಪೈಪ್ ಹಿಡ್ಕೊಂಡು ಹೋಗಿ ಗದ್ದೆ ಒಣಗ್ಸಿ ಅಂತ ಹೇಳ್ತಿದ್ವಿ! ಕಾರಟಗಿ ಹತ್ರ ಒಬ್ರು ಹಿರಿಯರು ಒಡ್ಡಿನ ಮೇಲೆ ಕೂತಿದ್ರು, ನನ್ನ ಮಾತೆಲ್ಲಾ ಪೂರ್ತಿ ಕೇಳಿ, ಬೀಡಿ ಆರಿಸಿ ಹೇಳಿದ್ರು, "ತಮ್ಮಾ, ಕಾಲುವ್ಯಾಗ ನೀರು ಐತಿ ಅಂದ್ರ ನಾ ಇವತ್ತ ತುಂಬ್ಕೊಳ್ಳಾಕಬೇಕು. ನಾಳಿ ಬರ್ತೈತಿ ಅಂತ ಬರಕೊಡವ್ರು ಯಾರು? ನೀ ಬರಕೊಡ್ತೀಯೇನು?" ನಾನು ಸುಮ್ನೆ ಪೈಪ್ ತಿರುಗಿಸ್ತಾ ನಿಂತೆ. ಒಣಗಿದ್ರೆ ಕಳೆ ಬೇರೆ ಏಳುತ್ತೆ, ಕಳೆ ಕೀಳೋ ಆಳಿನ ಕೂಲಿ ಯಾರು ಕೊಡ್ತಾರೆ ಅಂತಾನೂ ಕೇಳಿದ್ರು. ಬೋರ್‌ವೆಲ್ ಇದ್ದವನು ಬೇಕಾದಾಗ ಬಟನ್ ಒತ್ತಿ ಒಣಗಿಸ್ತಾನೆ, ತೋಯಿಸ್ತಾನೆ. ಕಾಲುವೆ ರೈತನ ಕೈಲಿ ಬಟನ್ ಎಲ್ಲಿದೆ?

ಪಹಣಿ ಗೋಳಂತೂ ಬರೆಯೋಕೆ ಹೋದ್ರೆ ಮುಗಿಯಲ್ಲ. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ, ಲೀಜಿಗೆ ಹಾಕ್ಕೊಂಡು ಕೆಸರಲ್ಲಿ ಕಾಲಿಟ್ಟವನು ಬೇರೆ, ಅಗ್ರಿಮೆಂಟಿಗೆ ಸೈನ್ ಹಾಕೋನು ಹೊಸಪೇಟೇಲಿ ಇರೋ ಮಾಲೀಕ.

ಈಗ ನಂಗೆ ನಿಜವಾಗ್ಲೂ ಹೇಳ್ಬೇಕಾಗಿರೋದು. ಗಣೇಶನ ಹಬ್ಬಕ್ಕೆ ಊರಿಗೆ ಹೋದಾಗ ಸುಮ್ನೆ ತಮಾಷೆಗೆ ಅಪ್ಪನ ಹೆಸರಲ್ಲಿ ಈ ಕ್ರೆಡಿಟ್‌ಗೆ ಸೇರೋ ಫಾರ್ಮ್ ತುಂಬ್ದೆ. ನಮ್ದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ, ಪೇಪರಲ್ಲಿ ವರ್ಷಾ ಬರುತ್ತಲ್ಲ, "ಕೊನೆ ಭಾಗದ ರೈತರ ಪ್ರತಿಭಟನೆ", ಅದು ನಾವೇ. ಫಾರ್ಮಲ್ಲಿ ಒಂದು ಪ್ರಶ್ನೆ: ಕಳೆದ ಮೂರು ವರ್ಷ ಬೆಳೆ ಅವಧಿಯಲ್ಲಿ ಗದ್ದೆಯಲ್ಲಿ ಸತತವಾಗಿ ನೀರು ನಿಂತಿತ್ತೇ? ಅಪ್ಪ ನಕ್ಕು, "ಎಲ್ಲೀ ನೀರು ಮಾರಾಯಾ" ಅಂದ್ರು. ಇಲ್ಲ ಅಂತ ಒತ್ತಿದೆ. ಸ್ಕ್ರೀನ್ ಮೇಲೆ ಕೆಂಪಕ್ಷರ, ನಾಟ್ ಎಲಿಜಿಬಲ್.

ರೂಲ್ ತಪ್ಪು ಅಂತ ನಾನು ಹೇಳ್ತಿಲ್ಲ, ಇದನ್ನ ಸರಿಯಾಗಿ ಓದ್ಕೊಳ್ಳಿ. ಮೊದಲೇ ಒಣಗ್ತಿದ್ದ ಗದ್ದೇಲಿ ಹೊಸದಾಗಿ ಮೀಥೇನ್ ಏನೂ ಕಡಿಮೆ ಆಗಲ್ಲ, ಅದಕ್ಕೂ ಕ್ರೆಡಿಟ್ ಕೊಟ್ರೆ ಅದು ಕಳ್ಳಲೆಕ್ಕ. ಅದೇ ಆಗಸ್ಟ್‌ನಲ್ಲಿ ಕಾರ್ಬನ್ ಕ್ರೆಡಿಟ್‌ಗಳಿಗೆ ಮಾನ್ಯತೆ ಕೊಡೋ ವೆರಾ ಸಂಸ್ಥೆ ಚೀನಾದ 37 ಭತ್ತದ ಪ್ರಾಜೆಕ್ಟ್‌ಗಳನ್ನ ತಿರಸ್ಕರಿಸಿತ್ತು, ನಮ್ಮ ಟೀಮ್ ಲೀಡ್ ಅದನ್ನೇ ತೋರ್ಸಿ, ಈ ಪ್ರಶ್ನೇಲಿ ಯಾರೂ ಅಡ್ಜಸ್ಟ್ ಮಾಡ್ಬೇಡಿ ಅಂತ ಖಡಾಖಂಡಿತ ಹೇಳಿದ್ರು. ಆ ವಿಷ್ಯಕ್ಕೆ ಅವ್ರ ಮೇಲೆ ಗೌರವ ಇದೆ.

ಆದ್ರೆ ನಮ್ಮ ಗದ್ದೆ ಯಾಕೆ ಒಣಗುತ್ತೆ? ಈ ಕಾಲುವೆ ಪ್ಲಾನ್ ಮಾಡಿದಾಗ ಹೆಚ್ಚಿನ ಜಮೀನಿಗೆ ಲೆಕ್ಕ ಹಾಕಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ, ಭತ್ತಕ್ಕೆ ಅಂತ ಇಟ್ಟಿದ್ದು ಸ್ವಲ್ಪವೇ. ಮೇಲ್ಭಾಗದಲ್ಲಿ ಲೆಕ್ಕ ಮೀರಿ ಭತ್ತ ಹಚ್ಚಿದ್ರು, ನೀರು ಅಲ್ಲೇ ನಿಂತ್ಕೊಳ್ತು, ಕೆಳಗೆ ನಮಗೆ ಬರ್ಲಿಲ್ಲ. ಈಗ ಅಲ್ಲಿ ನಿಂತ ನೀರು ಸ್ವಲ್ಪ ಬತ್ತಿಸಿದ್ರೆ ದುಡ್ಡು, ಇಷ್ಟು ವರ್ಷ ಬತ್ತಿದ ಗದ್ದೇಲೇ ಬೆಳೆ ತೆಗೆದವ್ರಿಗೆ ಕೆಂಪಕ್ಷರ. ಗಾಳಿ ಲೆಕ್ಕ ಸರಿ ಇದೆ ಸ್ವಾಮಿ, ಕಾಲುವೆ ಲೆಕ್ಕ ಯಾರು ನೋಡ್ತಾರೆ?

ಕೊನೇ ವಾರದ ರಿಪೋರ್ಟಲ್ಲಿ ಇದನ್ನೇ ಬರೆದೆ, ಮೇಲ್ಭಾಗದಲ್ಲಿ ಉಳಿದ ನೀರು ಅದೇ ಉಪಕಾಲುವೆಯ ಕೊನೇ ತೂಬಿಗೆ ಹೋಯ್ತಾ ಅಂತಾನೂ ಅಳೀರಿ, ಕ್ರೆಡಿಟ್ ದುಡ್ಡಲ್ಲಿ ಒಂದು ಪಾಲು ನೀರು ಬಳಕೆದಾರರ ಸಂಘಕ್ಕೆ ಕೊಡಿ, ಸರದಿ ಪ್ರಕಾರ ನೀರು ಬರೋ ಗ್ಯಾರಂಟಿ ಇದ್ರೆ ಮೇಲಿನವ್ರೂ ಧೈರ್ಯವಾಗಿ ಒಣಗಿಸ್ತಾರೆ ಅಂತ. ಎರಡು ಪುಟ. ಗ್ರೂಪಲ್ಲಿ ಹೆಬ್ಬೆರಳು ಇಮೋಜಿ ಬಂತು, "ಗ್ರೇಟ್ ಇನ್‌ಸೈಟ್" ಅಂತ ಒಬ್ರು ಹಾಕಿದ್ರು, ಅಷ್ಟೆ.

ಉಳಿದ ಒಂದು ಪೈಪ್ ಮನೇಲೇ ಇತ್ತು, ಅಪ್ಪ ಅದನ್ನ ಕಟ್ಟೆ ಪಕ್ಕ ನೆಟ್ಟು ಅವ್ವನ ಬ್ರಹ್ಮಕಮಲಕ್ಕೆ ಆಸರೆ ಮಾಡಿದ್ದಾರೆ.

ಜೂನಿಯರ್ಸ್, ಹೋಗಿ. ಕಾಲೇಜಲ್ಲಿ ಕಲಿಯದ್ದು ಬಹಳ ಕಲೀತೀರಿ, ಫೀಲ್ಡ್ ಪೋಸ್ಟಿಂಗೇ ಕೇಳಿ, ಎಕ್ಸೆಲ್ ಶೀಟ್ ಮುಂದೆ ಕೂತ್ರೆ ಎರಡು ತಿಂಗಳು ವೇಸ್ಟ್. ಸ್ಟೈಪೆಂಡ್ ತಿಂಗಳಿಗೆ ಹತ್ತು ಸಾವಿರ, ಟೈಮಿಗೆ ಸರಿಯಾಗಿ ಹಾಕ್ತಾರೆ. ಬೈಕ್ ಪೆಟ್ರೋಲ್ ಬಿಲ್ ಮಾತ್ರ ಮೊದಲೇ ಬರವಣಿಗೇಲಿ ಮಾತಾಡ್ಕೊಳ್ಳಿ, ನಂದು 2,340 ರೂಪಾಯಿ ಇನ್ನೂ ಅವ್ರ ಹತ್ರ "ಅಪ್ರೂವಲ್ ಪೆಂಡಿಂಗ್".