ಸಿಟಿ ನಾರ್ಮಲ್ ಅಂದ್ಮೇಲೆ ಮುಗೀತಾ?

ಹೋದ ವಾರ ದಾವಣಗೆರೆಗೆ ಫೋನ್ ಮಾಡಿದ್ದೆ, ಚಿಕ್ಕಪ್ಪನ ಮಗ ಬೈಪಾಸ್ ಹತ್ರ ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿ ನಾಲ್ಕೈದು ತಿಂಗ್ಳಾಯ್ತು, ಹೆಂಗಿದಾನೆ ಅಂತ ಕೇಳಿದೆ ಅಷ್ಟೇ. "ಅವನಿಗೇನಾಗೇತಪ್ಪ, ಸಿಟಿ ಸ್ಕ್ಯಾನ್ ನಾರ್ಮಲ್ ಬಂದೇತಿ, ಇನ್ನೂ ತಲೆನೋವು ಅಂತ ಹೊದ್ಕಂಡು ಮಲಗ್ತಾನೆ, ಸೋಮಾರಿ ಆಗ್ಯಾನೆ" ಅಂದ್ರು ಚಿಕ್ಕಪ್ಪ. ಹಿಂದಿಂದ ಚಿಕ್ಕಮ್ಮ, ದೃಷ್ಟಿ ತೆಗಿಸ್ರಿ ಅಂದ್ರೆ ಯಾರೂ ಕೇಳಲ್ಲ ಅಂತ ಗೊಣಗ್ತಿದ್ರು. ಆಮೇಲೆ ಅವ್ನೇ ಫೋನ್ ಇಸ್ಕಂಡ. ಅಣ್ಣಾ ಅಲ್ಲಿ ಈಗ ಎಷ್ಟೊತ್ತು ಅಂತ ಕೇಳ್ದ, ಹೇಳ್ದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳ್ದ. ಟ್ಯೂಬ್‌ಲೈಟ್ ಹಾಕಿದ್ರೆ ಕಣ್ಣು ಕುಕ್ಕುತ್ತಂತೆ, ಲೆಕ್ಕ ಬರೆಯೋಕೆ ಕೂತ್ರೆ ಮೂರನೇ ಸಾಲಿಗೆ ತಲೆ ಕೈ ಕೊಡುತ್ತಂತೆ. ಡಿಸ್ಚಾರ್ಜ್ ಸಮ್ಮರಿ ವಾಟ್ಸಾಪಲ್ಲಿ ಕಳ್ಸಿದ್ದ, ಎಷ್ಟು ಎಚ್ಚರ ಇದೆ ಅಂತ ಅಳೆಯೋ ಗ್ಲಾಸ್ಗೋ ಸ್ಕೋರ್ 15ಕ್ಕೆ 15, ಸಿಟಿ ಬ್ರೇನ್ ನಾರ್ಮಲ್, ಪ್ಯಾರಾಸಿಟಮಾಲ್ ಮೂರು ದಿನ. ಅಷ್ಟೇ. ಮತ್ತೆ ಯಾವಾಗ ಬಂದು ತೋರಿಸ್ಬೇಕು ಅಂತನೂ ಇಲ್ಲ.

ನಂಗೆ ಉರಿದಿದ್ದು ಯಾಕಂದ್ರೆ, ಇಲ್ಲಿ ನ್ಯೂಜೆರ್ಸೀಲಿ ನಮ್ಮ ಕಾಂಪ್ಲೆಕ್ಸಲ್ಲೇ ಇರೋ ಹಾಸನದ ಹುಡುಗನಿಗೂ ಹೆಚ್ಚುಕಮ್ಮಿ ಇದೇ ಆಗಿತ್ತು. ಸಿಗ್ನಲಲ್ಲಿ ನಿಂತಿದ್ದ ಕಾರಿಗೆ ಹಿಂದಿಂದ ಯಾವನೋ ಬಂದು ಗುದ್ದಿದ್ದ. ಅವನ ಸಿಟೀನೂ ನಾರ್ಮಲ್ಲೇ! ಆದ್ರೆ ಇಲ್ಲಿ ಯಾರೂ ಹಂಗಾದ್ರೆ ಮನೆಗೆ ಹೋಗಪ್ಪ ಅಂತ ಕೈ ತೊಳ್ಕೊಳ್ಳಿಲ್ಲ. ಏನೇನು ಆಗ್ಬೋದು, ಏನಾದ್ರೆ ವಾಪಸ್ ಬರ್ಬೇಕು ಅಂತ ಪೇಪರ್ ಕೊಟ್ರು, ತಲೆ ಪೆಟ್ಟಿಗೇ ಅಂತ ಇರೋ ಕ್ಲಿನಿಕ್ಕಿಗೆ ಕಳಿಸಿದ್ರು, ಅಲ್ಲಿ ನೆನಪಿನ ಪರೀಕ್ಷೆ, ಕಣ್ಣಿನ ಓಟದ ಪರೀಕ್ಷೆ ಎಲ್ಲಾ ಮಾಡಿ ಆಫೀಸಿಗೆ ದಿನಕ್ಕೆ ನಾಲ್ಕೇ ಗಂಟೆ ಕೆಲಸ ಅಂತ ಪತ್ರ ಬರೆದುಕೊಟ್ರು. ಕೊನೆಗೆ ಬ್ರೇನ್ ಪೆಟ್ (PET) ಸ್ಕ್ಯಾನ್, ಅಂದ್ರೆ ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಸುಡ್ತಿದೆ ಅಂತ ತೋರ್ಸೋದು. ಡ್ರೈವ್ ಮಾಡ್ಬೇಡ ಅಂದಿದ್ರಲ್ಲ, ಕರ್ಕೊಂಡು ಹೋಗಿದ್ದು ನಾನೇ.

ಅದನ್ನ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆಳಿಗ್ಗೆಯಿಂದ ಬರೀ ನೀರು, ಕಾಫಿನೂ ಇಲ್ಲ. ಹೋದ ತಕ್ಷಣ ಬೆರಳು ಚುಚ್ಚಿ ಶುಗರ್ ನೋಡಿದ್ರು, ಜಾಸ್ತಿ ಇದ್ರೆ ಚಿತ್ರ ಸರಿಯಾಗಿ ಬರಲ್ಲಂತೆ. ಆಮೇಲೆ ಸೀಸದ ಡಬ್ಬೀಲಿ ಬಂದ ಸಿರಿಂಜಿಂದ ಇಂಜೆಕ್ಷನ್. ಅದು ಒಂಥರಾ ಗ್ಲೂಕೋಸೇ, ಜೊತೆಗೆ ವಿಕಿರಣ ಸೂಸೋ ಫ್ಲೋರಿನ್-18 ಅಂಟಿಸಿರ್ತಾರೆ, ಎಫ್‌ಡಿಜಿ ಅಂತಾರೆ. ಆಮೇಲಿನದ್ದೇ ಮಜಾ, ಲೈಟ್ ಮಂಕಾಗಿರೋ ರೂಮಲ್ಲಿ ರಿಕ್ಲೈನರ್ ಮೇಲೆ ಕೂರಿಸಿ, ಕಂಬಳಿ ಹೊದಿಸಿ, ಫೋನ್ ಇಸ್ಕೊಂಡು, ಮಾತಾಡಂಗಿಲ್ಲ ಓದಂಗಿಲ್ಲ ಅಂತ ಹೇಳಿ ಬಾಗಿಲು ಮುಚ್ಚಿದ್ರು. ನನ್ನನ್ನೂ ಆಚೆ ಕಳಿಸಿದ್ರು. ಮಾತಾಡಿದ್ರೆ ಮಾತಿನ ಭಾಗ, ನೋಡಿದ್ರೆ ನೋಟದ ಭಾಗ ಆ ಸಕ್ಕರೆಯನ್ನ ಜಾಸ್ತಿ ಎಳ್ಕೊಂಡುಬಿಡುತ್ತೆ ಅಂತ ಅಲ್ಲಿನ ಟೆಕ್ನಿಷಿಯನ್ ಹೇಳಿದ್ಳು. ಅರ್ಧ ಮುಕ್ಕಾಲು ಗಂಟೆ ಹಂಗೇ ಕೂತು ಆಮೇಲೆ ಮೆಷಿನ್ನೊಳಗೆ.

ಮಿದುಳು ನಮ್ಮ ತೂಕದಲ್ಲಿ 2 ಪರ್ಸೆಂಟ್ ಅಷ್ಟೇ, ಆದ್ರೆ ಸುಮ್ನೆ ಕೂತಾಗ ಮೈ ಖರ್ಚು ಮಾಡೋ ಶಕ್ತೀಲಿ ಸುಮಾರು 20 ಪರ್ಸೆಂಟ್ ಅದೊಂದಕ್ಕೇ ಹೋಗುತ್ತೆ, ಅದೂ ಹೆಚ್ಚಾಗಿ ಗ್ಲೂಕೋಸಿಂದ. ಸಿಟಿ ನೋಡೋದು ಮನೆ ಗೋಡೆ ಬಿರುಕು ಬಿಟ್ಟಿದೆಯಾ, ಎಲ್ಲಾದ್ರೂ ಸೋರ್ತಿದೆಯಾ ಅಂತ. ಪೆಟ್ ಸ್ಕ್ಯಾನ್ ನೋಡೋದು ಯಾವ ರೂಮಲ್ಲಿ ಎಷ್ಟು ಕರೆಂಟ್ ಉರೀತಿದೆ ಅಂತ. ತಲೆಬುರುಡೆ ಒಡೆದಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಅಂತ ತಿಳ್ಕೊಳ್ಳೋಕೆ ಸಿಟಿ ಬೇಕೇ ಬೇಕು, ಜೀವ ಉಳ್ಸೋದೇ ಅದು, ಆದ್ರೆ ಸಣ್ಣ ಪೆಟ್ಟು ತಿಂದು ಒದ್ದಾಡೋರಲ್ಲಿ ಹೆಚ್ಚಿನವರ ಸಿಟಿ ನಾರ್ಮಲ್ಲೇ ಬರೋದು. 1997ರಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯುಸಿಎಲ್‌ಎಯವರು ದೊಡ್ಡ ಪೆಟ್ಟು ತಿಂದೋರನ್ನ ಪೆಟ್ ಸ್ಕ್ಯಾನ್ ಮಾಡಿ, ಮೊದಲ ಕೆಲವು ದಿನ ಮಿದುಳು ಹಸಿದೋರ ಹಾಗೆ ವಿಪರೀತ ಸಕ್ಕರೆ ಸುಡುತ್ತೆ ಅಂತ ತೋರಿಸಿದ್ರು, ಅದಾದ್ಮೇಲೆ ಎಷ್ಟೋ ವಾರ ಮಾಮೂಲಿಗಿಂತ ಕಮ್ಮಿ ಅಂತ ಮುಂದಿನ ಸಂಶೋಧನೇಲಿ ಗೊತ್ತಾಯ್ತು. ಹೊರಗೆ ಗಾಯ ಮಾಗಿದ್ರೂ ಒಳಗಿನ ಲೆಕ್ಕ ಇನ್ನೂ ಸರಿಹೋಗಿರಲ್ಲ ಅನ್ನೋದು ಹೊಸ ವಿಷಯ ಏನಲ್ಲ ಸ್ವಾಮಿ.

ಹಾಸನದವನ ಚಿತ್ರದಲ್ಲಿ ಮುಂದಲೆ ಭಾಗ ಬೇರೆ ಕಡೆಗಿಂತ ಸ್ವಲ್ಪ ನೀಲಿ ಇತ್ತು, ಅಂದ್ರೆ ಅಲ್ಲಿ ಸಕ್ಕರೆ ಕಮ್ಮಿ ಸುಡ್ತಿದೆ ಅಂತ. ಅದನ್ನ ನೋಡಿ ಅವನಿಗಾದ ಸಮಾಧಾನ ಹೇಳತೀರದು. ನೋಡಿ ಸಾರ್, ನಾನು ಸುಳ್ಳು ಹೇಳ್ತಿರ್ಲಿಲ್ಲ ಅಂದ. ನಮ್ಮೂರಲ್ಲಿ ಈ ಸಮಾಧಾನ ಯಾರಿಗೆ ಸಿಗುತ್ತೆ? ದಿನಾ ಎಷ್ಟು ಹುಡುಗ್ರು ಬೈಕಿಂದ ಬೀಳ್ತಾರೆ, ಅರ್ಧ ಟೋಪಿಯಂಥ ಹೆಲ್ಮೆಟ್ಟನ್ನ ಪೊಲೀಸರು ಕಂಡಾಗ ಮಾತ್ರ ತಲೆಗಿಟ್ಕೊಂಡು ಓಡಾಡ್ತಾರೆ, ಬಿದ್ಮೇಲೆ ರಕ್ತ ಬಂತಾ ಅಂತ ನೋಡ್ತೀವಿ, ಬರ್ಲಿಲ್ಲ ಅಂದ್ರೆ ದೇವ್ರು ದೊಡ್ಡೋನು ಅಂತ ತೆಂಗಿನಕಾಯಿ ಒಡೀತೀವಿ. ಆಮೇಲೆ ಅವನಿಗೆ ಸಿಟ್ಟು ಜಾಸ್ತಿಯಾದ್ರೆ ಬುದ್ಧಿ ಕೆಟ್ಟಿದೆ, ಮರೆತ್ರೆ ಬೇಜವಾಬ್ದಾರಿ, ಮಲಗಿದ್ರೆ ಸೋಮಾರಿ. ಮದುವೆ ಮಾಡಿದ್ರೆ ಸರಿಹೋಗ್ತಾನೆ ಅನ್ನೋ ಡಾಕ್ಟ್ರುಗಳು ಮನೆಮನೇಲೂ ಇದಾರೆ.

ಹಂಗಂತ ಇಲ್ಲಿ ಎಲ್ಲಾ ಚಂದ ಅಂತಲ್ಲ, ಹೇಳ್ಲೇಬೇಕಲ್ಲ ಹೇಳ್ತೀನಿ. ಆ ಸ್ಕ್ಯಾನ್ ಬರೆಸಿದ್ದು ಡಾಕ್ಟ್ರಲ್ಲ, ಆ್ಯಕ್ಸಿಡೆಂಟ್ ಕೇಸಿನ ಲಾಯರ್ರು. ಇನ್ಶೂರೆನ್ಸಿನವರು ತಲೆ ಪೆಟ್ಟಿಗೆ ಇದಿನ್ನೂ ಪ್ರಯೋಗದ ಹಂತ ಅಂತ ದುಡ್ಡು ಕೊಡಕ್ಕೆ ಒಪ್ಪಲಿಲ್ಲ. ಎದುರು ಪಾರ್ಟಿ ಡಾಕ್ಟ್ರು ಅದೇ ಚಿತ್ರ ಇಟ್ಕೊಂಡು, ಡಿಪ್ರೆಶನ್ ಇದ್ರೂ, ಕೆಲವು ಮಾತ್ರೆ ತಗೊಂಡ್ರೂ ಹಿಂಗೇ ಬರ್ಬೋದು, ಬಣ್ಣದ ಸ್ಕೇಲ್ ಒಂಚೂರು ಆಕಡೆ ಈಕಡೆ ಮಾಡಿದ್ರೆ ನೀಲಿ ಹಸಿರಾಗುತ್ತೆ ಅಂದ್ರು. ನಿಜಾನೇ, ಸಣ್ಣ ಪೆಟ್ಟಲ್ಲಿ ಒಬ್ಬನ ಒಂದೇ ಸ್ಕ್ಯಾನ್ ನೋಡಿ ಇದು ಆ್ಯಕ್ಸಿಡೆಂಟಿಂದಲೇ ಅಂತ ಹೇಳೋಕಾಗಲ್ಲ. ಇದು ಚೆನ್ನಾಗಿ ಕೆಲಸಕ್ಕೆ ಬರೋ ಜಾಗ ಬೇರೇನೇ ಇದೆ, ಬೆಲ್ಜಿಯಮ್ಮಿನ ಲಿಯೇಜ್‌ನವರು 2014ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದಿದ್ರಲ್ಲ, ಪ್ರಜ್ಞೆ ಇಲ್ಲ ಅಂತ ಅಂದ್ಕೊಂಡು ಮಲಗಿಸಿರೋರಲ್ಲಿ ಯಾರೊಳಗೆ ಇನ್ನೂ ಅರಿವು ಉಳಿದಿದೆ ಅಂತ ಹುಡುಕೋಕೆ. ನಮ್ಮ ಹಾಸನದವನ ಚಿಕಿತ್ಸೆ ಈ ಸ್ಕ್ಯಾನಿಂದ ಒಂದು ಗುಳಿಗೆಯಷ್ಟೂ ಬದಲಾಗ್ಲಿಲ್ಲ. ಅವನಿಗೆ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ನೆನಪಿನ ಪರೀಕ್ಷೆ ಮತ್ತೆ ಆಫೀಸಿಗೆ ಕೊಟ್ಟ ಆ ಪತ್ರ. ಅದಕ್ಕೇನು ಫ್ಲೋರಿನ್-18 ತಯಾರಿಸೋ ಸೈಕ್ಲೋಟ್ರಾನ್ ಮೆಷಿನ್ ಬೇಕಾ? ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧ ಖಾಲಿಯಾಗೋ ಸರಕು, ಊರೂರಿಗೆ ತರಿಸೋದು ಸುಲಭ ಅಲ್ಲ ಅಂತ ನಂಗೂ ಗೊತ್ತು, ಆದ್ರೆ ಪತ್ರ ಬರೆಯೋಕೆ ಪೆನ್ನು ದಾವಣಗೆರೇಲಿ ಸಿಗುತ್ತೆ.

ಇನ್ನೊಂದೂ ಒಪ್ಕೋಬೇಕು. ಹಾಸನದವನು ಆರು ವಾರ ಕತ್ತಲೆ ರೂಮಲ್ಲಿ ಒಬ್ನೇ ಇದ್ದ, ನಾವು ಡಬ್ಬೀಲಿ ಕೊಟ್ಟ ಸಾರನ್ನ ಮೈಕ್ರೋವೇವಲ್ಲಿ ಬಿಸಿ ಮಾಡ್ಕೊಂಡು ತಿಂದ. ಅಲ್ಲಿ ನನ್ನ ತಮ್ಮನಿಗೆ ಚಿಕ್ಕಮ್ಮ ಬೈತಾ ಬೈತಾನೇ ಹೊತ್ತೊತ್ತಿಗೆ ರೊಟ್ಟಿ ಮುರಿದು ಕೊಡ್ತಾರೆ, ಕಿಟಕಿಗೆ ಸೀರೆ ಕಟ್ಟಿ ಕತ್ತಲೆ ಮಾಡಿದಾರೆ.

ಇಷ್ಟೆಲ್ಲಾ ಯೋಚ್ನೆ ಮಾಡಿ ನಿನ್ನೆ ಮತ್ತೆ ಚಿಕ್ಕಪ್ಪಂಗೆ ಫೋನ್ ಹಚ್ಚಿದೆ. ಪೆಟ್ ಗಿಟ್ ಏನೂ ಬೇಡ, ಬೆಂಗಳೂರಿಗೆ ಕರ್ಕೊಂಡು ಹೋಗಿ ನಿಮ್ಹಾನ್ಸ್‌ನಲ್ಲಿ ಒಂದ್ಸಲ ತೋರ್ಸಿ, ತಲೆ ಪೆಟ್ಟು ತಿಂದೋರಿಗೆ ಅಲ್ಲಿ ನ್ಯೂರೋ ರಿಹ್ಯಾಬಿಲಿಟೇಶನ್ ಅಂತ ವಿಭಾಗನೇ ಇದೆ, ನೆನಪಿನ ಪರೀಕ್ಷೆ ಮಾಡ್ತಾರೆ ಅಂದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಅಲ್ಲೋ, ಹೆಣ್ಣು ನೋಡ್ತಿರೋ ಟೈಮಲ್ಲಿ ಹುಚ್ಚಾಸ್ಪತ್ರೆ ಫೈಲ್ ಮಾಡ್ಸು ಅಂತೀಯಲ್ಲ, ನಿಂಗೆ ಅಮೆರಿಕದಾಗೆ ತಲೆ ಕೆಟ್ಟೇತೇನು?" ಅಂದ್ರು. ಮುಂದಿನ ತಿಂಗ್ಳ ಇಂಟರ್‌ಸಿಟೀಲಿ ಎರಡು ಸೀಟು ನಾನೇ ಬುಕ್ ಮಾಡಿ ಪಿಎನ್‌ಆರ್ ಕಳ್ಸಿದೀನಿ, ನೀಲಿ ಟಿಕ್ ಬಂದಿದೆ, ಉತ್ರ ಇನ್ನೂ ಬಂದಿಲ್ಲ.