ಮೇಲೆ ಮೂರು ಇಂಚು ಜಾಗ ಬಿಟ್ಟಿದ್ದರೆ ಸಾಕು

"ಇನ್ನು ಮುಂದೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿದೆ. ಕೌಂಟರಿನ ಆಚೆ ಇದ್ದ ಹೆಂಗಸು ನನ್ನ ಮುಖವನ್ನೊಮ್ಮೆ ನೋಡಿ, "ಮನೆಗೆ" ಅಂದರು.

ಹೋಗಿದ್ದದ್ದು ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಲಿಯಲ್ಲಿ, ಸಾಲಿಸ್ಬರಿ ಬೀದಿಯಲ್ಲಿರುವ ವೇಕ್ ಕೌಂಟಿಯ ರಿಜಿಸ್ಟರ್ ಆಫ್ ಡೀಡ್ಸ್ ಕಚೇರಿಗೆ, ಅಂದರೆ ಆಸ್ತಿಪತ್ರಗಳನ್ನು ದಾಖಲಿಸುವ ಕಚೇರಿಗೆ. ಮದುವೆಗೆ ಮೊದಲು ನನ್ನೊಬ್ಬನ ಹೆಸರಲ್ಲಿ ಕೊಂಡಿದ್ದ ಮನೆಗೆ ಹೆಂಡತಿಯ ಹೆಸರನ್ನೂ ಸೇರಿಸುವ ದಾನಪತ್ರ. ವಕೀಲರು ಬರೆದುಕೊಟ್ಟು, ನೋಟರಿ ಎದುರು ಸಹಿಯೂ ಆಗಿ ಒಂದೂಮುಕ್ಕಾಲು ವರ್ಷ ಕಳೆದಿತ್ತು. ಪತ್ರ ಆಗಿದೆಯಲ್ಲ, ಇನ್ನೇನು ಎಂದು ಬೀರುವಿನಲ್ಲಿಟ್ಟು ಮರೆತಿದ್ದೆ. ನಾರ್ತ್ ಕೆರೊಲಿನಾದಲ್ಲಿ ದಾನಪತ್ರವನ್ನು 2 ವರ್ಷದೊಳಗೆ ರೆಕಾರ್ಡ್ ಮಾಡಿಸದಿದ್ದರೆ ಅದು ಬರೀ ಕಾಗದ ಎಂದು ಯಾರೋ ಊಟದ ನಡುವೆ ಹೇಳಿದರು. ತುತ್ತು ಗಂಟಲಲ್ಲೇ ನಿಂತಿತು.

ಮಾರನೇ ದಿನ ಪೂರ್ತಿ ರಜೆ ಹಾಕಿದೆ. ಪಾಸ್‌ಪೋರ್ಟು, ನಾಲ್ಕು ಫೋಟೊ, ಎಲ್ಲದರ ಮೂರು ಮೂರು ಜೆರಾಕ್ಸು, ಒಂದು ಡಬ್ಬಿ ಚಿತ್ರಾನ್ನ. ಆಕೆ ಇವು ಯಾವುದನ್ನೂ ಕೇಳಲಿಲ್ಲ. ನೋಟರಿ ಮುದ್ರೆ ನೋಡಿದರು, ಪತ್ರ ಬರೆದವರ ಹೆಸರು ಮೊದಲ ಪುಟದಲ್ಲಿದೆಯೇ ನೋಡಿದರು, ಆ ಪುಟದ ಮೇಲ್ತುದಿಯಲ್ಲಿ ಮೂರು ಇಂಚು ಖಾಲಿ ಬಿಟ್ಟಿದೆಯೇ ನೋಡಿದರು. ಅಲ್ಲಿ ಅವರ ಮುದ್ರೆ ಬೀಳಬೇಕು. 26 ಡಾಲರ್ ಶುಲ್ಕ. ದುಡ್ಡು ಕೈ ಬದಲಾಗಿಲ್ಲವಾದ್ದರಿಂದ ತೆರಿಗೆ ಸೊನ್ನೆ. ಸ್ಕ್ಯಾನ್ ಮಾಡಿ, ಪುಸ್ತಕದ ನಂಬರು, ಪುಟದ ನಂಬರು, ತಾರೀಖು, ಗಂಟೆ ನಿಮಿಷ ಸಮೇತ ಒತ್ತಿ, ಮೂಲಪತ್ರವನ್ನು ನನ್ನ ಕೈಗೇ ವಾಪಸ್ ಕೊಟ್ಟರು. ಒಂಬತ್ತು ನಿಮಿಷ. ಚಿತ್ರಾನ್ನವನ್ನು ಬೆಳಗಿನ ಹತ್ತು ಗಂಟೆಗೆ ಕಾರಿನಲ್ಲೇ ಕೂತು ತಿಂದೆ.

ಖುಷಿಗಿಂತ ಮೊದಲು ಬಂದದ್ದು ಸಿಟ್ಟು. ಊರಿನ ಮೇಲೆ.

ಅಪ್ಪನ ಹೆಸರಿನಲ್ಲೊಂದು ಸೊನ್ನೆ ಇದೆ. ಕೈಬರಹದ ಪಹಣಿ ಕಂಪ್ಯೂಟರಿಗೆ ಏರುವಾಗ ಯಾರದೋ ಬೆರಳಿನಡಿ ಆ ಸೊನ್ನೆ ಬಿದ್ದುಹೋಯಿತು. ಅಪ್ಪ ಇದ್ದಷ್ಟು ದಿನ ಅದರಿಂದ ತೊಂದರೆಯಾಗಲಿಲ್ಲ. ಅವರು ಹೋದಮೇಲೆ ಪೌತಿ ಖಾತೆಗೆ ಅರ್ಜಿ ಹಾಕಿದರೆ, ಪಹಣಿಯಲ್ಲಿರುವವರು ಬೇರೆ, ಮರಣ ಪ್ರಮಾಣಪತ್ರದಲ್ಲಿರುವವರು ಬೇರೆ ಅಂದರು. ವಂಶವೃಕ್ಷ, ಅಫಿಡವಿಟ್ಟು, ಅಕ್ಕಪಕ್ಕದ ಹೊಲದವರ ಸಹಿಯೊಂದಿಗೆ ಮಹಜರು. ಕೇಸ್ ವರ್ಕರ್ ಇದ್ದ ದಿನ ಸರ್ವರ್ ಇರಲಿಲ್ಲ, ಸರ್ವರ್ ಇದ್ದ ದಿನ ಅವರು ಮೀಟಿಂಗಿಗೆ ಹೋಗಿರುತ್ತಿದ್ದರು. "ಅಣ್ಣಾ, ನೀನೊಂದ್ಸಲ ಬಂದು ಮುಖ ತೋರಿಸಿದ್ರೆ ಆಗ್ತದೆ" ಅಂದ ತಮ್ಮ. ಹೋಗಿ ತೋರಿಸಿದೆ. ನನ್ನ ಮುಖ ಕಂಡಮೇಲೆ ಕಚೇರಿಯ ಹೊರಗಿನ ಹೊಂಗೆ ಮರದ ಕೆಳಗೆ ಕೂರುತ್ತಿದ್ದವನ ರೇಟು ಏರಿತು, ಅಷ್ಟೆ. ಒಂದು ಸೊನ್ನೆ ಮರಳಿ ತನ್ನ ಜಾಗಕ್ಕೆ ಬಂದು ಕೂರಲು ಹದಿನಾಲ್ಕು ತಿಂಗಳು ಹಿಡಿಯಿತು.

ಇಲ್ಲಿ ಆ ಬೆಳಿಗ್ಗೆ, ರಜೆ ಹೇಗೂ ಹಾಕಿದೆಯಲ್ಲ ಎಂದು ಮತ್ತೆ ಒಳಗೆ ಹೋಗಿ ಸಾರ್ವಜನಿಕರಿಗೆಂದೇ ಇಟ್ಟಿರುವ ಕಂಪ್ಯೂಟರಿನ ಮುಂದೆ ಕೂತೆ. ನೀವು ಯಾರು, ಯಾಕೆ ಬೇಕು ಎಂದು ಕೇಳುವವರಿಲ್ಲ. ನಮ್ಮ ಇಸಿ, ಅಂದರೆ ಋಣಭಾರ ಪತ್ರ, ಸರ್ವೆ ನಂಬರಿನ ಮೇಲೆ ನಡೆದರೆ ಇಲ್ಲಿಯ ಹುಡುಕಾಟ ಮುಖ್ಯವಾಗಿ ಹೆಸರಿನ ಮೇಲೆ. ಕೊಟ್ಟವರ ಪಟ್ಟಿ ಒಂದು, ಪಡೆದವರ ಪಟ್ಟಿ ಇನ್ನೊಂದು. 1785ರಿಂದ ಈಚಿನ ಪತ್ರಗಳಿವೆ, ಮನೆಯಲ್ಲೇ ಕೂತು ಬಿಟ್ಟಿಯಾಗಿ ನೋಡಬಹುದು. ಮೊದಲು ನನ್ನ ಹೆಸರು ಹಾಕಿದೆ. ಆಮೇಲೆ, ಸುಳ್ಳು ಯಾಕೆ ಹೇಳಲಿ, ಗೊತ್ತಿರುವ ಕನ್ನಡದವರ ಹೆಸರುಗಳನ್ನು ಒಂದೊಂದಾಗಿ ಹಾಕಿದೆ. ಪತ್ರದಲ್ಲಿ ಬೆಲೆ ಬರೆಯುವುದಿಲ್ಲ, "ಹತ್ತು ಡಾಲರ್ ಹಾಗೂ ಇತರ ಪ್ರತಿಫಲ" ಎಂಬ ಸಿದ್ಧ ಸಾಲು ಇರುತ್ತದೆ. ಆದರೆ ಸಾವಿರಕ್ಕೆ 2 ಡಾಲರಿನಂತೆ ಕಟ್ಟಿದ ಎಕ್ಸೈಸ್ ತೆರಿಗೆ ಮೊದಲ ಪುಟದಲ್ಲೇ ಕಾಣುತ್ತದೆ. 1,150 ಎಂದಿದ್ದರೆ ಮನೆಯ ಬೆಲೆ 5,75,000. ಹೋದ ಯುಗಾದಿ ಊಟದಲ್ಲಿ ಒಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಿಮಗೆ ಒಳ್ಳೇ ರೇಟಿಗೆ ಸಿಕ್ತು ಬಿಡಿ" ಅಂದದ್ದರ ಗುಟ್ಟು ಆಗ ತಿಳಿಯಿತು. ನನ್ನ ಸಾಲ ಎಷ್ಟಿತ್ತು ಎಂಬುದೂ ಅವರಿಗೆ ಗೊತ್ತು. ಸ್ವಲ್ಪ ಚುರುಕ್ಕೆಂದಿತು.

ಹೀಗೆ ಎಲ್ಲ ತೆರೆದಿಟ್ಟಿರುವುದು ಔದಾರ್ಯದಿಂದಲ್ಲ. 1885ರ ಕಾನರ್ ಕಾಯ್ದೆಯಿಂದೀಚೆಗೆ ಈ ರಾಜ್ಯದಲ್ಲಿ ಮೊದಲು ರೆಕಾರ್ಡ್ ಮಾಡಿಸಿದವನದೇ ಜಮೀನು. ಒಂದೇ ಜಾಗವನ್ನು ಇಬ್ಬರಿಗೆ ಮಾರಿದರೆ, ಎರಡನೆಯವನು ಮೊದಲು ಕಚೇರಿ ಮುಟ್ಟಿದರೆ ಅವನೇ ಗೆದ್ದ, ಹಿಂದಿನ ಮಾರಾಟ ಅವನಿಗೆ ಗೊತ್ತಿದ್ದರೂ ಸರಿಯೇ. ಹಾಗಾಗಿಯೇ ಆ ಗಂಟೆ ನಿಮಿಷದ ಮುದ್ರೆ. ಪುಸ್ತಕವೇ ಸರ್ವಸ್ವ ಅಂದಮೇಲೆ ಅದನ್ನು ಎಲ್ಲರೂ ನೋಡುವಂತಿರಬೇಕು. ನಮ್ಮ 1908ರ ನೋಂದಣಿ ಕಾಯ್ದೆಯ 47ನೇ ಕಲಮು ಬೇರೆ ದಾರಿ ಹಿಡಿದಿದೆ. ತಡವಾಗಿ ನೋಂದಣಿಯಾದರೂ ಪತ್ರದ ಬಲ ಬರೆದುಕೊಟ್ಟ ದಿನದಿಂದಲೇ. ಮಾತು ಕೊಟ್ಟ ದಿನಕ್ಕೆ ಮರ್ಯಾದೆ, ಓಡಿಬಂದವನಿಗಲ್ಲ. ಕೇಳಲು ನಮ್ಮದೇ ಚೆನ್ನಾಗಿದೆ.

ಸಂಜೆ ಮನೆಗೆ ಬಂದು ನಮ್ಮ ಬಡಾವಣೆಯ ಜಾಗವನ್ನೇ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಾ ಹೋದೆ. ಲೇಔಟು ಹೋಗಿ ಹೊಲವಾಯಿತು, ಅಚ್ಚು ಹೋಗಿ ಕೈಬರಹವಾಯಿತು. ಬಿಳಿ ಓಕ್ ಮರದಿಂದ ಹೊರಟು ಹಳ್ಳದ ಗುಂಟ ಇಷ್ಟು ಪೋಲು, ಅಲ್ಲಿಂದ ಕೆಂಪು ಓಕ್ ಮರದವರೆಗೆ ಇಷ್ಟು ಪೋಲು. ಒಂದು ಪೋಲೆಂದರೆ ಹದಿನಾರೂವರೆ ಅಡಿ. ಓದುತ್ತಾ ಅಜ್ಜನ ಕ್ರಯಪತ್ರದ ಚೆಕ್ಕುಬಂದಿ ನೆನಪಾಯಿತು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿ ಜಾಡು, ಉತ್ತರಕ್ಕೆ ಬೇಲಿಯಾಚೆಯವರ ತೋಟ. ಅದರ ಕೊನೆಗೆ ನಿಧಿ ನಿಕ್ಷೇಪ ಜಲ ಪಾಷಾಣ ಸಮೇತ ಅಷ್ಟಭೋಗ ತೇಜಸ್ವಾಮ್ಯಗಳೊಂದಿಗೆ ಅನುಭವಿಸಿಕೊಂಡು ಬರತಕ್ಕದ್ದು ಎಂಬ ಮಾತಿತ್ತು. ಶಾಸನದ ಕಲ್ಲಿನಿಂದ ಎದ್ದು ಬಂದು ಛಾಪಾ ಕಾಗದದ ಮೇಲೆ ಕೂತ ಮಾತು. ಇಲ್ಲಿಯ ಓಕ್ ಮರಗಳಿಗೆ ಆ ಗತ್ತಿಲ್ಲ.

ಇನ್ನಷ್ಟು ಹಿಂದೆ ಹೋಗಬಾರದಿತ್ತು. ಜಮೀನು, ಹಸು, ಮಂಚ, ಅದೇ ಉಸಿರಿನಲ್ಲಿ ಒಬ್ಬ ಹೆಂಗಸು, ಆಕೆಯ ಮಗು. ಹೆಸರು ಮಾತ್ರ, ಕುಲನಾಮವಿಲ್ಲ. ಅದೇ ದುಂಡು ಅಕ್ಷರ, ಅದೇ ಅಚ್ಚುಕಟ್ಟು. ಇಂಥ ಪತ್ರಗಳನ್ನೆಲ್ಲ ಹೆಕ್ಕಿ, ಗುಲಾಮರಾಗಿದ್ದವರ ಹೆಸರುಗಳು ಹುಡುಕುವವರಿಗೆ ಸಿಗುವಂತೆ ಮಾಡುವ ಕೆಲಸಕ್ಕೆ ಇದೇ ಕಚೇರಿ ರಾಲಿಯ ಶಾ ವಿಶ್ವವಿದ್ಯಾಲಯದೊಡನೆ ಕೈಹಾಕಿದೆ. ಲ್ಯಾಪ್‌ಟಾಪ್ ಮುಚ್ಚಿದೆ. ಬೆಳಿಗ್ಗೆ ಹೊಗಳಿದ ಅಚ್ಚುಕಟ್ಟು ಈಗ ಅಷ್ಟು ಹಿತವಾಗಿ ಕಾಣಲಿಲ್ಲ.

ಇಷ್ಟು ಹೇಳಿದಮೇಲೆ ಮಿಕ್ಕದ್ದನ್ನೂ ಒಪ್ಪಿಕೊಳ್ಳಬೇಕು. ಕೌಂಟರಿನ ಹೆಂಗಸು ಮೂರು ಇಂಚು ಜಾಗ ನೋಡಿದರೇ ಹೊರತು, ಆ ಮನೆ ನಿಜಕ್ಕೂ ನನ್ನದೇ ಎಂದು ನೋಡಲಿಲ್ಲ. ಅದು ಅವರ ಕೆಲಸವೇ ಅಲ್ಲ. ಅದಕ್ಕೆಂದೇ ಮನೆ ಕೊಳ್ಳುವಾಗ ವಕೀಲರಿಗೊಂದಿಷ್ಟು, ಹಕ್ಕಿನಲ್ಲಿ ದೋಷ ಕಂಡರೆ ಕೈಹಿಡಿಯುವ ಟೈಟಲ್ ಇನ್ಶೂರೆನ್ಸಿಗೊಂದಿಷ್ಟು ಬೇರೆ ಕಕ್ಕಬೇಕು. ನೋಟರಿ ಮುದ್ರೆಯೇ ಖೋಟಾ ಆದರೆ? 2024ರಲ್ಲಿ ಮೆಂಫಿಸ್‌ನಲ್ಲಿ ಗಾಯಕ ಎಲ್ವಿಸ್ ಪ್ರೆಸ್ಲಿಯ ಗ್ರೇಸ್‌ಲ್ಯಾಂಡ್ ಮನೆಯನ್ನೇ ಖೋಟಾ ಸಾಲಪತ್ರ ಇಟ್ಟುಕೊಂಡು ಹರಾಜು ಹಾಕಲು ಹೊರಟಿದ್ದರು, ಕೋರ್ಟು ತಡೆಯಿತು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ ತೆಗೆದು, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಗಳನ್ನು ಎದುರು ನಿಲ್ಲಿಸಿಕೊಳ್ಳುವುದನ್ನು ಇಷ್ಟು ವರ್ಷ ಗೋಳೆಂದೇ ಅಂದುಕೊಂಡಿದ್ದೆ. ಆಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು ಎಂದು ನಮ್ಮ ಕಾಯ್ದೆಯ 57ನೇ ಕಲಮೂ 1908ರಿಂದ ಹೇಳುತ್ತಲೇ ಇದೆ. ಪಹಣಿಯನ್ನಂತೂ ಭೂಮಿ ಜಾಲತಾಣದಲ್ಲಿ ನಾನು ಇಲ್ಲಿಂದಲೇ ನೋಡುತ್ತೇನೆ. ಅಪ್ಪನ ಸೊನ್ನೆ ಇನ್ನೂ ಅಲ್ಲೇ ಇದೆಯೇ ಎಂದು ಆಗಾಗ ನೋಡಿ ಬರುತ್ತೇನೆ.

ಮಲಗುವ ಮುನ್ನ ಕೌಂಟಿಯ ಎಚ್ಚರಿಕೆ ಸೇವೆಗೆ ಹೆಸರು ಬರೆಸಿದೆ. ನನ್ನ ಹೆಸರಲ್ಲಿ ಯಾವುದೇ ಪತ್ರ ರೆಕಾರ್ಡ್ ಆದರೆ ಇಮೇಲ್ ಬರುತ್ತದೆ, ಪುಕ್ಕಟೆ. ಆದರೆ ಹೆಸರು ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಇಲ್ಲಿ ಅಪ್ಪನ ಹೆಸರೇ ನನ್ನ ಕಡೆಯ ಹೆಸರು. ಎಚ್ ಇರುವುದೊಂದು, ಇಲ್ಲದ್ದೊಂದು, ಕೊನೆಗೆ ವೈ ಬಂದದ್ದೊಂದು, ಐ ಬಂದದ್ದೊಂದು. ಐದು ತುಂಬಿಸಿ ಒತ್ತಲು ಹೋದವನು ತಡೆದು, ನಡುವಿನ ಎನ್ ಬಿಟ್ಟು ಇನ್ನೊಂದನ್ನೂ ಸೇರಿಸಿದೆ.